ಅಮೆರಿಕದ ಇಂಡಿಯನ್ ರೆಸ್ಟೋರೆಂಟಿನ ಮಧ್ಯಾಹ್ನದ ಬಫೆ: ಎಷ್ಟು ಹೊತ್ತಿಗೆ ಹೋಗಬೇಕು, ಏನು ಬಡಿಸಿಕೊಳ್ಳಬೇಕು, ಏನು ಬಿಡಬೇಕು?

ಪ್ರಶ್ನೆ: ತುಮಕೂರು_ಟು_ಟೆಕ್ಸಾಸ್

ಡಲ್ಲಾಸ್ ಹತ್ತಿರ ಇದ್ದೀವಿ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಬರೋ ಶನಿವಾರ ನಾಲ್ಕೂ ಜನ ಇಲ್ಲಿನ ಒಂದು ಇಂಡಿಯನ್ ರೆಸ್ಟೋರೆಂಟಿನ ಮಧ್ಯಾಹ್ನದ ಬಫೆಗೆ ಹೋಗೋಣ ಅಂತಿದ್ದೀವಿ. ತಲೆಗೆ 18 ಡಾಲರ್, ಹನ್ನೊಂದೂವರೆಯಿಂದ ಎರಡೂವರೆವರೆಗೆ. ಉತ್ತರದ ಐಟಂ ಜಾಸ್ತಿ, ಜೊತೆಗೆ ಇಡ್ಲಿ, ವಡೆ, ಸಾಂಬಾರ್, ಪೊಂಗಲ್ ಕೂಡ ಇಡ್ತಾರಂತೆ.

ನಾವಿಬ್ಬರು ಎಲ್ಲಾ ತಿಂತೀವಿ. ಅಪ್ಪ ಅಮ್ಮ ಸಸ್ಯಾಹಾರಿ. ಅಮ್ಮನಿಗೆ ಮೊಟ್ಟೆ ಸೋಕಿದ್ದೂ ಆಗಲ್ಲ, ಶನಿವಾರ ಈರುಳ್ಳಿ ಬೆಳ್ಳುಳ್ಳಿನೂ ಮುಟ್ಟಲ್ಲ. ಅಪ್ಪನಿಗೆ ಶುಗರ್, ಊಟಕ್ಕೆ ಮುಂಚೆ ಇನ್ಸುಲಿನ್ ತಗೋತಾರೆ.

ಬಫೆ ಅಂದ್ರೆ ಎಲ್ಲದರಲ್ಲೂ ಒಂದೊಂದು ಸೌಟು ಹಾಕ್ಕೊಂಡು, ಕೊನೆಗೆ ಎಲ್ಲಾ ಒಂದೇ ರುಚಿ ಅನ್ನಿಸಿ, ತಟ್ಟೆಯಲ್ಲಿ ಅರ್ಧ ಬಿಟ್ಟು ಏಳೋದು ಅನ್ನೋ ಹಾಗಾಗಿದೆ. ಗೊತ್ತಿರೋರು ಸರಿಯಾಗಿ ತಿನ್ನೋದು ಹೇಗೆ ಹೇಳಿ. ಎಷ್ಟು ಹೊತ್ತಿಗೆ ಹೋಗಬೇಕು, ಟಿಪ್ ಎಷ್ಟು ಕೊಡಬೇಕು ಅನ್ನೋದೂ ಗೊತ್ತಾದ್ರೆ ಒಳ್ಳೇದು.

ಉತ್ತರ: ಹಿಂಬಾಗಿಲು_ಅಡಿಗೆಮನೆ

ಎಲ್ಲಾ ಒಂದೇ ರುಚಿ ಅನ್ನಿಸೋದು ನಿಮ್ಮ ನಾಲಿಗೆಯ ತಪ್ಪಲ್ಲ ಸರ್. ಇಲ್ಲಿನ ಬಹಳಷ್ಟು ಅಡಿಗೆಮನೆಗಳಲ್ಲಿ ಬೆಳಗ್ಗೆ ಮೂರು ಗ್ರೇವಿ ಮಾಡಿಟ್ಟುಕೊಳ್ತಾರೆ. ಒಂದು ಈರುಳ್ಳಿ ಟೊಮೆಟೊ ಹುರಿದ ಕಂದು ಗ್ರೇವಿ. ಒಂದು ಟೊಮೆಟೊ, ಬೆಣ್ಣೆ, ಕೆನೆ, ಕಸೂರಿ ಮೇಥಿಯ ಕೆಂಪು ಮಖನಿ. ಇನ್ನೊಂದು ಗೋಡಂಬಿ ಮತ್ತು ಬೇಯಿಸಿದ ಈರುಳ್ಳಿ ರುಬ್ಬಿದ ಬಿಳಿ ಗ್ರೇವಿ. ಟ್ರೇ ಮುಂದಿನ ಚೀಟಿಯಲ್ಲಿ ಹನ್ನೆರಡು ಹೆಸರಿರತ್ತೆ, ಕೆಳಗಿರೋದು ಈ ಮೂರೇ. ಬಟರ್ ಚಿಕನ್, ಟಿಕ್ಕಾ ಮಸಾಲ, ಪನೀರ್ ಮಖನಿ ಒಂದೇ ಮನೆಯ ಮಕ್ಕಳು. ನವರತ್ನ ಕುರ್ಮಾ, ಶಾಹಿ ಪನೀರ್, ಮಲಾಯ್ ಕೋಫ್ತಾ ಇನ್ನೊಂದು ಮನೆಯವು. ಹಾಗಾಗಿ ಒಂದು ಮನೆಯಿಂದ ಒಂದೇ ಪದಾರ್ಥ ತಗೊಳ್ಳಿ. ಮಿಕ್ಕ ಜಾಗವನ್ನ ತನ್ನದೇ ಮಸಾಲೆಯಲ್ಲಿ ಬೆಂದಿದ್ದಕ್ಕೆ ಇಟ್ಟುಕೊಳ್ಳಿ: ಛೋಲೆ, ದಾಲ್ ಮಖನಿ, ಬೈಂಗನ್ ಭರ್ತಾ, ಮೇಕೆ ಮಾಂಸದ ಸಾರು, ಬಿರಿಯಾನಿ. ಅಷ್ಟಕ್ಕೇ ತಟ್ಟೆಯ ಅರ್ಧ ಸಮಸ್ಯೆ ಹೋಗತ್ತೆ.

ಇನ್ನರ್ಧ ಸಮಸ್ಯೆ ಸ್ಟೀಮ್ ಟೇಬಲ್‌ನದು. ಕೆಳಗೆ ಕುದಿಯೋ ನೀರು, ಅದರ ಮೇಲೆ ಸ್ಟೀಲ್ ಟ್ರೇ. ಪೂರ್ತಿ ಅಳತೆಯ ಟ್ರೇ ಸುಮಾರು 20 ಇಂಚು ಉದ್ದ, 12 ಇಂಚು ಅಗಲ; ಆಳ ಎರಡೂವರೆ, ನಾಲ್ಕು ಅಥವಾ ಆರು ಇಂಚು. ಅದರಲ್ಲಿ ಅಡಿಗೆ ಎರಡು ಮೂರು ಗಂಟೆ ಬಿಸಿಯಲ್ಲೇ ಕೂತಿರತ್ತೆ. ಹಾಗೆ ಕೂತರೆ ಕೆಲವು ಇನ್ನೂ ರುಚಿಯಾಗತ್ತೆ, ಕೆಲವು ಸತ್ತೇ ಹೋಗತ್ತೆ. ಬೆಲೆ ನೋಡಿ ತಿನ್ನೋರು ಪನೀರ್, ಚಿಕನ್ ಅಂತ ನುಗ್ತಾರೆ. ನೋಡಬೇಕಾದ್ದು ಬಿಸಿಯಲ್ಲಿ ಯಾವುದು ತಡೆಯತ್ತೆ ಅನ್ನೋದನ್ನ.

ತಡೆಯೋವು: ಉದ್ದಿನ ದಾಲ್ ಮಖನಿ, ರಾಜ್ಮಾ, ಛೋಲೆ, ಎಲುಬಿನ ಜೊತೆ ಬೆಂದ ಮೇಕೆ ಮಾಂಸ. ಕಾಳು ಮಸಾಲೆ ಹೀರುತ್ತೆ, ಮಾಂಸದ ನಾರು ಇನ್ನಷ್ಟು ಬಿಡತ್ತೆ. ಮಧ್ಯಾಹ್ನ ಒಂದೂವರೆಗೂ ಇವನ್ನ ಧೈರ್ಯವಾಗಿ ಹಾಕ್ಕೊಳ್ಳಬಹುದು.

ತಡೆಯದವು: ಪಾಲಕ್ ಪನೀರ್‌ನ ಬಣ್ಣ ನೋಡಿ. ಈಗ ತಾನೇ ಬಂದಿದ್ದು ಎಳೆ ಹಸಿರಾಗಿರತ್ತೆ. ಬಿಸಿಯಲ್ಲಿ ಹೊತ್ತು ಕಳೆದ ಹಾಗೆ ಸೊಪ್ಪಿನ ಹಸಿರು ಒಡೆದು ಪೊಲೀಸ್ ಖಾಕಿಯ ಕಡೆ ತಿರುಗತ್ತೆ, ಒಳಗಿನ ಪನೀರ್ ಬಿಗಿದು ರಬ್ಬರ್ ಆಗತ್ತೆ. ಖಾಕಿ ಕಂಡರೆ ಮುಂದೆ ಹೋಗಿ. ಹೂಕೋಸು ಬಹಳ ಹೊತ್ತು ಮುಚ್ಚಿಟ್ಟರೆ ಗಂಧಕದ ವಾಸನೆ ಬಿಟ್ಟು ಮುದ್ದೆಯಾಗತ್ತೆ, ಆಲೂ ಗೋಬಿ ಮೊದಲ ಅರ್ಧ ಗಂಟೆಯ ಪದಾರ್ಥ. ಪಕೋಡ, ಸಮೋಸ, ವಡೆಗೆ ಶತ್ರು ಅಂದ್ರೆ ಮುಚ್ಚಳ. ಒಳಗಿನ ಹಬೆ ಮುಚ್ಚಳಕ್ಕೆ ಬಡಿದು ನೀರಾಗಿ ಅದರ ಮೇಲೇ ತೊಟ್ಟಿಕ್ಕತ್ತೆ. ಟ್ರೇಯಲ್ಲಿ ಒಂದರ ಮೇಲೊಂದು ಗುಡ್ಡೆ ಹಾಕಿದ್ದರೆ ಕೆಳಗಿನದು ಮೆತ್ತಗಾಗಿರತ್ತೆ, ಮೇಲಿನದನ್ನೇ ತಗೊಳ್ಳಿ. ತಂದೂರಿ ಚಿಕನ್‌ನಲ್ಲಿ ಎದೆ ತುಂಡು ಬೇಗ ಒಣಗತ್ತೆ, ಕಾಲು ತೊಡೆ ತಡೆಯತ್ತೆ. ಕಡುಗೆಂಪು ಬಣ್ಣಕ್ಕೆ ಮರುಳಾಗಬೇಡಿ, ಅದು ಬಹಳ ಕಡೆ ಬರೀ ಬಣ್ಣ. ಎಲುಬಿನ ಹತ್ತಿರ ರಸ ಇದೆಯಾ, ಅಂಚಲ್ಲಿ ಕರಕಲು ಚುಕ್ಕೆ ಇದೆಯಾ ನೋಡಿ.

ಟ್ರೇ ಹಳೇದಾ ಹೊಸದಾ ಅಂತ ತಿಳಿಯೋಕೆ ಗೋಡೆ ನೋಡಿದ್ರೆ ಸಾಕು. ಗ್ರೇವಿ ಇಳಿದ ಮಟ್ಟದ ಮೇಲೆ ಒಣಗಿದ ಕಪ್ಪು ಉಂಗುರ ಕಟ್ಟಿದೆ, ಮೇಲೆ ಕೆನೆಯ ಹಾಗೆ ಪೊರೆ ಬಂದಿದೆ, ಎಣ್ಣೆ ಬೇರೆಯಾಗಿ ತೇಲುತ್ತಿದೆ ಅಂದ್ರೆ ಅದು ಬಾಗಿಲು ತೆಗೆದಾಗಿನ ಟ್ರೇ. ಒಳ್ಳೇ ಜಾಗದಲ್ಲಿ ಅಗಲ ಇದ್ದು ಆಳ ಕಡಿಮೆ ಇರೋ ಟ್ರೇಯಲ್ಲಿ ಸ್ವಲ್ಪ ಸ್ವಲ್ಪ ತುಂಬಿಸ್ತಾರೆ, ಖಾಲಿಯಾದ ಹಾಗೆ ಇಡೀ ಟ್ರೇನೇ ಬದಲಿಸ್ತಾರೆ. ಹಳೇದರ ಮೇಲೇ ಹೊಸದು ಸುರಿಯೋ ಜಾಗ ಆದ್ರೆ ಎಷ್ಟು ಹೊತ್ತಿಗೆ ಹೋದರೂ ಅಷ್ಟೇ. ಕೆಳಗಿನ ನೀರು ಬತ್ತಿದ್ದನ್ನ ಯಾರೂ ನೋಡದಿದ್ದರೆ ತಳ ಹಿಡಿದು ಸೀದ ವಾಸನೆ ಬರತ್ತೆ. ಅಂಥ ಟ್ರೇಗೆ ಸೌಟು ತಳದವರೆಗೆ ಇಳಿಸಬೇಡಿ. ಸಾಂಬಾರಿಗೆ ಮಾತ್ರ ತಳ ಮುಟ್ಟಲೇಬೇಕು: ಬೇಳೆ ಕೆಳಗೆ ಕೂತಿರತ್ತೆ, ತಿರುವದೆ ಎತ್ತಿದರೆ ಹುಣಸೆ ನೀರು ಬರತ್ತೆ.

ಬಿರಿಯಾನಿ ಬಡಿಸಿಕೊಳ್ಳೋದೂ ಒಂದು ಕೈಚಳಕ. ಮೇಲಿನ ಅಕ್ಕಿ ಗಾಳಿಗೆ ಒಣಗಿ ಕಡ್ಡಿಯಾಗಿರತ್ತೆ, ಮಸಾಲೆ ತಳದಲ್ಲಿರತ್ತೆ. ಟ್ರೇಯ ಒಂದು ಅಂಚಿನಿಂದ ಚಮಚ ನೆಟ್ಟಗೆ ಇಳಿಸಿ, ಗೋಡೆಗೆ ಒತ್ತಿಕೊಂಡು, ತಳದಿಂದ ಮೇಲಕ್ಕೆ ಒಂದೇ ಸಲ ಎತ್ತಿ. ಬಿಳಿ ಅಕ್ಕಿ, ಕೇಸರಿ ಅಕ್ಕಿ, ಮಸಾಲೆ ಮೂರೂ ಬರತ್ತೆ. ನಡುವೆ ಕೆದಕಿದರೆ ಅಕ್ಕಿ ಮುರಿಯತ್ತೆ, ಹಿಂದೆ ನಿಂತವರೂ ಬೈಕೋತಾರೆ.

ಹೊತ್ತು: ಶನಿವಾರ ಆದ್ರೆ 11:45ಕ್ಕೆ ಒಳಗಿರಿ. ಹನ್ನೆರಡೂವರೆಯ ಮೇಲೆ ಕ್ಯೂ ಬೆಳೆಯತ್ತೆ. ಎರಡು ಗಂಟೆಗೆ ಅಡಿಗೆಮನೆ ಕೈ ನಿಲ್ಲಿಸತ್ತೆ, ಇರೋದನ್ನ ಖಾಲಿ ಮಾಡಿಸೋ ಲೆಕ್ಕ. ಒಂದೂ ಮುಕ್ಕಾಲರ ಮೇಲೆ ಹೋಗೋದಾದ್ರೆ ಮೆನು ನೋಡಿ ಆರ್ಡರ್ ಮಾಡೋದೇ ವಾಸಿ.

ಉತ್ತರ: ಮಡಿ_ಮೆನು

ಸಸ್ಯಾಹಾರದ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

ಮೊದಲು ತಿಳಿದಿರಬೇಕಾದ್ದು, ನಮ್ಮಲ್ಲಿ ಪ್ಯಾಕೆಟ್ ಮೇಲೆ ನೋಡಿ ಅಭ್ಯಾಸವಾದ ಹಸಿರು ಚುಕ್ಕೆ ಅಲ್ಲಿಲ್ಲ. ಅಮೆರಿಕದಲ್ಲಿ ‘ವೆಜಿಟೇರಿಯನ್’ ಎಂದು ಬರೆದಿದ್ದರೆ ಮಾಂಸ, ಮೀನು ಇಲ್ಲ ಎಂದಷ್ಟೇ ಅರ್ಥ. ಮೊಟ್ಟೆ ಇರಬಹುದು. ಆದ್ದರಿಂದ ‘ವೆಜ್ಜಾ?’ ಎಂದು ಕೇಳಬೇಡಿ. ‘ಇದರಲ್ಲಿ ಮೊಟ್ಟೆ ಇದೆಯಾ?’ ಎಂದು ಪದಾರ್ಥವನ್ನು ಬೆರಳಿಟ್ಟು ತೋರಿಸಿ ಕೇಳಿ.

ಮೊಟ್ಟೆ ಅಡಗಿರುವ ಜಾಗಗಳು ಹೆಚ್ಚಿಲ್ಲ. ನಾನ್ ಹಿಟ್ಟಿಗೆ ಕೆಲವರು ಮೊಸರು, ಹಾಲು, ಬೇಕಿಂಗ್ ಪೌಡರ್ ಸಾಕೆನ್ನುತ್ತಾರೆ, ಕೆಲವರು ಮೃದುವಾಗಲೆಂದು ಮೊಟ್ಟೆಯನ್ನೂ ಹಾಕುತ್ತಾರೆ. ಅನುಮಾನವಿದ್ದರೆ ತಂದೂರಿ ರೊಟ್ಟಿ ಕೇಳಿ. ಅದು ಗೋಧಿ ಹಿಟ್ಟು, ನೀರು, ಉಪ್ಪು. ಹಕ್ಕಾ ನೂಡಲ್ಸ್‌ನಲ್ಲಿ ಮೊಟ್ಟೆ ಕಾಣದಿದ್ದರೂ ನೂಡಲ್ಸ್ ಎಳೆಯಲ್ಲೇ ಇರಬಹುದು. ಸಿಹಿಯ ಕಡೆ ಕೇಕು, ಪುಡ್ಡಿಂಗು ಬಿಡಿ. ಹಣ್ಣಿನ ಕಸ್ಟರ್ಡ್ ಸಾಮಾನ್ಯವಾಗಿ ಜೋಳದ ಪಿಷ್ಟದ ಪುಡಿಯಿಂದ ಮಾಡಿದ್ದು, ಆದರೂ ಒಮ್ಮೆ ಕೇಳಿ. ಮ್ಯಾಂಗೊ ಮೂಸ್, ಜೆಲ್ಲಿಯಂಥವುಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುವ ಸಾಧ್ಯತೆ ಹೆಚ್ಚು. ಅಮೆರಿಕದ ಕೆಲವು ಬ್ರಾಂಡಿನ ಮೊಸರಿಗೂ ಗಟ್ಟಿಯಾಗಲೆಂದು ಜೆಲಟಿನ್ ಸೇರಿಸುತ್ತಾರೆ, ಹಾಗಾಗಿ ರಾಯಿತ ಯಾವ ಮೊಸರಿನದು ಎನ್ನುವುದು ಕೇಳಲೇಬೇಕಾದ ಪ್ರಶ್ನೆ. ಸೂಪಿಗೆ ಚಿಕನ್ ಬೇಯಿಸಿದ ನೀರು ಹಾಕಿದ್ದಾರೆಯೇ ಎಂಬುದೂ ಅಷ್ಟೇ.

ಇನ್ನು ಕರಿದ ತಿಂಡಿ. ಚಿಕನ್ ಪಕೋಡ, ಫಿಶ್ ಫ್ರೈ ಕೂಡ ಸಾಲಿನಲ್ಲಿದ್ದರೆ ಎಣ್ಣೆ ಒಂದೇ ಆಗಿರುವ ಸಂಭವವಿದೆ. ಬೇರೆ ಬಾಣಲೆ ಇದೆಯೇ ಎಂದು ಕೇಳಿದರೆ ನಿಜ ಹೇಳುತ್ತಾರೆ. ಅಲರ್ಜಿ ಇರುವವರೂ ಇದನ್ನೇ ಕೇಳುವುದರಿಂದ ಅವರಿಗೆ ಈ ಪ್ರಶ್ನೆ ಹೊಸದಲ್ಲ. ಸೌಟುಗಳ ಗಲಿಬಿಲಿ ತಪ್ಪಿಸಲು ಒಂದೇ ದಾರಿ, ಬೇಗ ಹೋಗುವುದು. ಹನ್ನೆರಡೂವರೆಯ ಹೊತ್ತಿಗೆ ಬಟರ್ ಚಿಕನ್ ಸೌಟು ಪನೀರಿನಲ್ಲಿ ಮುಳುಗಿರುತ್ತದೆ.

ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ ಕಷ್ಟದ ಮಾತು. ಮೇಲಿನವರು ಹೇಳಿದ ಗ್ರೇವಿಗಳಲ್ಲಿ ಎರಡಕ್ಕೆ ಈರುಳ್ಳಿಯೇ ಆಧಾರ, ಮಖನಿಗೆ ಬೆಳ್ಳುಳ್ಳಿ ಬೀಳುತ್ತದೆ. ಸಾಂಬಾರಿನಲ್ಲಿ ಈರುಳ್ಳಿ ಕಣ್ಣಿಗೇ ಕಾಣುತ್ತದೆ, ರಸಂಗೆ ಬೆಳ್ಳುಳ್ಳಿ ಜಜ್ಜಿ ಹಾಕುವವರೇ ಹೆಚ್ಚು. ನಿಮ್ಮ ಅಮ್ಮನವರಿಗೆ ಉಳಿಯುವುದು ಪೊಂಗಲ್, ಮೊಸರನ್ನ, ಇಡ್ಲಿ ಜೊತೆ ಬಿಳಿ ಕಾಯಿ ಚಟ್ನಿ, ನಿಂಬೆ ಚಿತ್ರಾನ್ನ, ಖೀರು, ಹಣ್ಣು. ವಡೆ ಮುರಿದು ನೋಡಿ, ಒಳಗೆ ಈರುಳ್ಳಿ ಚೂರು ಇರಬಹುದು.

ಒಂದು ಉಪಾಯವಿದೆ. ಹಳದಿ ದಾಲ್ ಮಾಡುವ ಅಡಿಗೆಮನೆಗಳಲ್ಲಿ ಬೇಳೆಯನ್ನು ಅರಿಸಿನ, ಉಪ್ಪು ಹಾಕಿ ಬೇಯಿಸಿ ಇಟ್ಟುಕೊಂಡು ಬೆಳ್ಳುಳ್ಳಿ ಒಗ್ಗರಣೆಯನ್ನು ಆಮೇಲೆ ಕೊಡುವುದು ವಾಡಿಕೆ. ಹಿಂದಿನ ದಿನವೇ ಫೋನ್ ಮಾಡಿ, ‘ಒಗ್ಗರಣೆ ಹಾಕುವ ಮೊದಲು ಒಂದು ಬಟ್ಟಲು ಬೇಳೆ ತೆಗೆದಿಟ್ಟು, ಜೀರಿಗೆ, ಇಂಗು, ತುಪ್ಪದ ಒಗ್ಗರಣೆ ಕೊಡಿ’ ಎಂದು ಕೇಳಿ. ‘ಜೈನ್’ ಎಂದರೆ ಅಡಿಗೆಯವರಿಗೆ ತಕ್ಷಣ ಅರ್ಥವಾಗುತ್ತದೆ, ಆದರೆ ಆ ಲೆಕ್ಕದಲ್ಲಿ ಆಲೂಗಡ್ಡೆಯೂ ಹೋಗುತ್ತದೆ. ಆಲೂಗಡ್ಡೆ ಪರವಾಗಿಲ್ಲ ಎಂದು ಸೇರಿಸಿದರೆ ಜೀರಾ ಆಲೂವನ್ನೂ ಮಾಡಿಕೊಟ್ಟಾರು. ಇದನ್ನೆಲ್ಲ ಶನಿವಾರ ಹನ್ನೆರಡೂವರೆಗೆ, ಕ್ಯೂ ಬಾಗಿಲಾಚೆ ನಿಂತಿರುವಾಗ ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಬರುವುದು.

ಅಲರ್ಜಿ ಇರುವವರು ಈ ಎಳೆ ಓದುತ್ತಿದ್ದರೆ: ಪ್ಯಾಕೆಟ್ ಆಹಾರದ ಮೇಲೆ ಒಂಬತ್ತು ಅಲರ್ಜಿಕಾರಕಗಳನ್ನು ಬರೆಯುವುದು ಅಲ್ಲಿ ಕಡ್ಡಾಯ, 2023ರ ಜನವರಿಯಿಂದ ಎಳ್ಳೂ ಅದರಲ್ಲಿ ಸೇರಿದೆ. ಬಫೆ ಚೀಟಿಗೆ ಆ ಫೆಡರಲ್ ಕಾಯ್ದೆ ಅನ್ವಯಿಸುವುದಿಲ್ಲ. ಬಿಳಿ ಗ್ರೇವಿ ಎಂದರೆ ಗೋಡಂಬಿ ಎಂದೇ ತಿಳಿಯಿರಿ. ಗೋಧಿ ಆಗದವರು ಇಂಗನ್ನೂ ವಿಚಾರಿಸಿ, ಪುಡಿ ಇಂಗಿಗೆ ಗೋಧಿ ಹಿಟ್ಟು ಬೆರೆಸಿರುವುದೇ ಹೆಚ್ಚು.

ಉತ್ತರ: ಧಾರವಾಡ_ತಾಟು

ಭಾಳ ಛಲೋ ಹೇಳ್ಯಾರ ಇಬ್ರೂ. ನಾನು ತಾಟಿನ ಮಾತಷ್ಟ ಹೇಳ್ತೀನ್ರಿ.

ಬಾಳಿ ಎಲಿ ಊಟದಾಗ ಯಾವುದು ಮೊದಲು, ಯಾವುದು ಆಮ್ಯಾಲ ಅನ್ನೂದು ಬಡಸಾವ್ರ ಕೈಯಾಗ ಇರ್ತದ. ಕೋಸಂಬರಿ, ಪಲ್ಯ, ತೊವ್ವಿ, ಸಾರು, ಹುಳಿ, ಕಡೀಕ ಮಜ್ಜಿಗಿ. ಒಂದು ಮುಗಿಯೂತನಾ ಇನ್ನೊಂದು ಬರೂದಿಲ್ಲ. ಬಫೆದಾಗ ಆ ಬಡಸಾಂವ ಇಲ್ಲ, ನಾವು ಹದಿನೈದು ಪದಾರ್ಥ ಒಂದ ತಾಟಿಗೆ ಸುರಕೋತೀವಿ. ಛೋಲೆ ಹೋಗಿ ಖೀರಿಗೆ ಕೂಡ್ತದ, ಸಾಂಬಾರ ಹೋಗಿ ಪನೀರಿಗೆ ಕೂಡ್ತದ. ಆಮ್ಯಾಲ ಎಲ್ಲಾ ಒಂದ ರುಚಿ ಅಂದ್ರ ಹೆಂಗ್ರಿ?

ಅದಕ್ಕ ಮೊದಲು ತಾಟು ಹಿಡೀಲಾರದ ಒಂದು ಸುತ್ತು ಹಾಕ್ರಿ, ಕಡೀ ಮೂಲಿತನಕ. ಅನ್ನ, ನಾನ್, ಪಕೋಡ ಅಗ್ಗದ ಸಾಮಾನು, ಹೊಟ್ಟಿ ತುಂಬಸ್ತಾವ, ಅದಕ್ಕ ಅವು ಸಾಲಿನ ಮೊದಲಿಗೇ ಇರ್ತಾವ. ಮ್ಯಾಕಿ ಮಾಂಸ, ಬಿರಿಯಾನಿ ಕಡೀಕ. ತಣ್ಣಂದು ಬ್ಯಾರೆ ಮೇಜಿನ ಮ್ಯಾಲ ಇರ್ತದ, ಚಟ್ನಿ, ಉಪ್ಪಿನಕಾಯಿ, ರಾಯಿತಾ ಅಲ್ಲೇ ಹುಡುಕ್ರಿ. ಸೂಪಿನ ಬಾಜೂಕ ಸಣ್ಣ ವಾಟಿ ಇಟ್ಟಿರ್ತಾರ. ಮೂರು ವಾಟಿ ತಗೊಂಡು ದಾಲ್, ಸಾಂಬಾರ, ರಾಯಿತಾ ಅದರಾಗ ಹಾಕ್ಕೊಳ್ರಿ. ತಾಟಿನ ಮ್ಯಾಲ ಹರಿಯೂದು ನಿಂತ್ರ ಅರ್ಧ ಗದ್ದಲ ಮುಗೀತು.

ಮೊದಲ ತಾಟಿನಾಗ ಬರೇ ರುಚಿ ನೋಡೂದು. ನಾಕು ಪದಾರ್ಥ, ಒಂದೊಂದು ಎರಡು ಚಮಚಾ. ಅನ್ನ ಬ್ಯಾಡ. ಎರಡನೇದ್ರಾಗ ಮನಸಿಗೆ ಬಂದ ಎರಡೋ ಮೂರೋ ಪದಾರ್ಥ, ಜೋಡಿ ಅರ್ಧ ನಾನ್. ಮೂರನೇದ್ರಾಗ ಅನ್ನ, ದಾಲ್, ಮೊಸರು. ಪ್ರತಿ ಸಲ ಹೊಸ ತಾಟು ತಗೋಬೇಕು. ಅಮೆರಿಕದ ಫುಡ್ ಕೋಡಿನಾಗ ಎಂಜಲ ತಾಟು ತಗೊಂಡು ಬಫೆ ಸಾಲಿಗೆ ಬರಬಾರದು ಅಂತನ ಐತಿ, ಕುಡಿಯೂ ಲೋಟಕ್ಕಷ್ಟ ರಿಯಾಯ್ತಿ. ಸೌಟು ತಾಟಿಗೆ ತಾಗಿ ತಿರುಗಿ ಟ್ರೇಕ್ಕ ಹೋಗ್ತದಲ್ರಿ, ಅದಕ್ಕ. ನಮ್ಮ ಹಿರ್ಯಾರಿಗೆ ಇದನ್ನ ‘ಎಂಜಲ’ ಅಂತ ಹೇಳಿದ್ರ ಒಂದ ಮಾತಿನಾಗ ತಿಳೀತದ.

ನಾನ್ ಬಗ್ಗೆ: ತಂದೂರಿನಿಂದ ತಗದು ಐದು ನಿಮಿಷದಾಗ ತಿಂದ್ರ ನಾನ್, ಇಲ್ಲಂದ್ರ ಚಪ್ಪಲಿ ಅಟ್ಟಿ. ದೀಪದ ಕೆಳಗ ಪುಟ್ಟಿಯಾಗ ಇಟ್ಟದ್ದು ತಗೋಬ್ಯಾಡ್ರಿ. ನೀರು ತಂದುಕೊಡಾವ್ರಿಗೆ ‘ಬಿಸಿ ನಾನ್ ಟೇಬಲ್ಲಿಗೆ ಬರ್ತದೇನ್ರಿ’ ಅಂತ ಕೇಳ್ರಿ, ಭಾಳ ಕಡೆ ತಂದು ಕೊಡ್ತಾರ, ಅದಕ್ಕ ಬ್ಯಾರೆ ರೊಕ್ಕ ಇರೂದಿಲ್ಲ.

ಅಪ್ಪಾರ ಶುಗರಿಗೆ: ಮೊದಲು ಕಾಯಿಪಲ್ಯ, ಸಲಾಡ್, ಕಾಳು, ಪನೀರ, ಅನ್ನ ರೊಟ್ಟಿ ಕಡೀಕ. ಹಿಂಗ ತಿಂದ್ರ ಸಕ್ಕರಿ ಸಾವಕಾಶ ಏರ್ತದ. ಮ್ಯಾಂಗೊ ಲಸ್ಸಿಗೆ ಹಾಕೂ ಡಬ್ಬಿ ಹಣ್ಣಿನ ರಸಕ್ಕ ಮೊದಲ ಸಕ್ಕರಿ ಕೂಡಿರ್ತದ, ಮ್ಯಾಲ ಇವ್ರು ಮತ್ತ ಹಾಕ್ತಾರ. ಅದನ್ನ ಬಿಡ್ರಿ, ಮಜ್ಜಿಗಿ ಕೇಳ್ರಿ. ಗುಲಾಬ್ ಜಾಮೂನ್ ತಿನ್ನಲೇಬೇಕಂದ್ರ ಅರ್ಧ, ಪಾಕ ಹಿಂಡಿ. ಇನ್ನೊಂದು ಭಾಳ ಮುಖ್ಯ: ಇನ್ಸುಲಿನ್ ಮನ್ಯಾಗ ತಗೊಂಡು ಹೊರಡಬ್ಯಾಡ್ರಿ. ದಾರ್ಯಾಗ ಅರ್ಧ ತಾಸು, ಪಾಳ್ಯಾಗ ಅರ್ಧ ತಾಸು ಹೋತಂದ್ರ ತಿನ್ನೂಕಿಂತ ಮೊದಲ ಸಕ್ಕರಿ ಇಳೀತದ. ಕುಂಡರಲಿಕ್ಕೆ ಟೇಬಲ್ ಸಿಕ್ಕ ಮ್ಯಾಲ, ಡಾಕ್ಟರ್ ಹೇಳಿದ ಅಂತರ ನೋಡಿ ತಗೋಳ್ಳಿ.

ಉತ್ತರ: ಎರಡನೇ_ಪಂಕ್ತಿ

@ಹಿಂಬಾಗಿಲು_ಅಡಿಗೆಮನೆ, 11:45ರ ಮಾತಿಗೆ ನನ್ನದೊಂದು ತಕರಾರು. ಬಾಗಿಲು ತೆಗೆದಾಗ ಇಟ್ಟಿರೋ ಟ್ರೇಗಳಲ್ಲಿ ರಾತ್ರಿ ಉಳಿದದ್ದನ್ನ ಬಿಸಿ ಮಾಡಿ ಇಟ್ಟಿದ್ದೂ ಇರತ್ತೆ. ಅದು ಮೊದಲು ಖಾಲಿಯಾಗಲಿ ಅಂತಲೇ ಮೊದಲು ಇಡ್ತಾರೆ. ಹೊಸ ಅಡಿಗೆ ಬರೋದು ಹನ್ನೆರಡು ಕಾಲರ ಮೇಲೆ. ಜನ ತುಂಬಿದಾಗ ಟ್ರೇ ಬೇಗ ಖಾಲಿ, ಬೇಗ ಹೊಸದು. ನನ್ನ ಪ್ರಕಾರ ಶನಿವಾರ 12:15.

ಉತ್ತರ: ಹಿಂಬಾಗಿಲು_ಅಡಿಗೆಮನೆ

ಒಪ್ಪಿದೆ, ಅರ್ಧ. ರಾತ್ರಿಯದು ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ದಾಲ್ ಮಖನಿ, ಮೇಕೆ ಸಾರು ಮರುದಿನವೇ ರುಚಿ. ಕಾನೂನೂ ಒಪ್ಪತ್ತೆ, ಆದ್ರೆ ಅದಕ್ಕೆ ಲೆಕ್ಕ ಇದೆ. ಎಫ್‌ಡಿಎ (ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ) ಫುಡ್ ಕೋಡ್ ಪ್ರಕಾರ ಬೆಂದ ಅಡಿಗೆಯನ್ನ 135 ಡಿಗ್ರಿ ಫ್ಯಾರನ್‌ಹೀಟ್‌ನಿಂದ 70ಕ್ಕೆ ಎರಡು ಗಂಟೆಯೊಳಗೆ ಇಳಿಸಬೇಕು, ಒಟ್ಟು ಆರು ಗಂಟೆಯೊಳಗೆ 41ಕ್ಕೆ. ಮರುದಿನ ಬಿಸಿ ಮಾಡುವಾಗ ಎರಡು ಗಂಟೆಯೊಳಗೆ 165 ಮುಟ್ಟಬೇಕು. ಬಫೆಯಲ್ಲಿ ಇಟ್ಟ ಮೇಲೆ ಬಿಸಿಯದು 135ಕ್ಕಿಂತ ಕೆಳಗೆ ಬರಬಾರದು, ತಣ್ಣನೆಯದು 41ಕ್ಕಿಂತ ಮೇಲೆ ಹೋಗಬಾರದು. ಸೆಲ್ಸಿಯಸ್‌ನಲ್ಲಿ 57 ಮತ್ತು 5.

ಕೆಡೋದು ಎಲ್ಲಿ ಅಂದ್ರೆ ದೊಡ್ಡ ಪಾತ್ರೆಯಲ್ಲಿ. ನಲವತ್ತು ಲೀಟರ್ ಸಾರನ್ನ ಅದೇ ಪಾತ್ರೆಯಲ್ಲಿ ಫ್ರಿಜ್‌ಗೆ ತಳ್ಳಿದ್ರೆ ಅಂಚು ತಣ್ಣಗಾಗತ್ತೆ, ನಡುಭಾಗ ರಾತ್ರಿಯಿಡೀ ಬೆಚ್ಚಗಿರತ್ತೆ. ಮಾಂಸದ ಸಾರು, ಬೇಳೆಯಲ್ಲಿ ಬೆಳೆಯೋ ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್‌ಗೆ ಅಷ್ಟೇ ಬೇಕಾಗಿರೋದು. ಅದಕ್ಕೇ ಎರಡು ಇಂಚಿನ ಟ್ರೇಗಳಿಗೆ ಹರಡಿ ಇಡಬೇಕು, ಇಲ್ಲ ಐಸ್ ನೀರಲ್ಲಿ ಪಾತ್ರೆ ಕೂರಿಸಿ ತಿರುವಬೇಕು. ಅನ್ನಕ್ಕೆ ಬ್ಯಾಸಿಲಸ್ ಸೀರಿಯಸ್ ಅನ್ನೋ ಇನ್ನೊಂದು. ಇದರ ಒಂದು ಬಗೆಯ ವಿಷ ಮತ್ತೆ ಕುದಿಸಿದರೂ ಹೋಗಲ್ಲ.

ಗಿರಾಕಿಗಳು ಥರ್ಮಾಮೀಟರ್ ಹಿಡಿದು ಹೋಗೋಕಾಗಲ್ಲ, ಆದ್ರೆ ಸೌಟಲ್ಲಿ ತಿರುವಿದಾಗ ಹಬೆ ಏಳಬೇಕು. ತಟ್ಟೆಗೆ ಹಾಕ್ಕೊಂಡು ಬಾಯಿಗಿಟ್ಟಾಗ ಉಗುರುಬೆಚ್ಚಗೆ ಅನ್ನಿಸಿದ್ರೆ ಆ ಪದಾರ್ಥ ಅಲ್ಲಿಗೇ ನಿಲ್ಲಿಸಿ, ಮ್ಯಾನೇಜರ್‌ಗೆ ಹೇಳಿ. ರಾಯಿತ, ಮೊಸರನ್ನ, ಹೆಚ್ಚಿದ ಕಲ್ಲಂಗಡಿ ಐಸ್ ಮೇಲಿರಬೇಕು. ಐಸ್ ಕರಗಿ ನೀರಲ್ಲಿ ಬಟ್ಟಲು ತೇಲ್ತಾ ಇದ್ರೆ ಬಿಡಿ. ಅಮ್ಮನವರ ಊಟ ಆ ಮೇಜಿನ ಮೇಲೇ ನಿಂತಿರೋದ್ರಿಂದ ಅವರಿಗಾದ್ರೂ ಬೇಗ ಹೋಗೋದೇ ಸರಿ ಅಂತ ನನ್ನ ವಾದ.

ಉತ್ತರ: ಬಿಲ್ಲು_ಬಾಣ

ದುಡ್ಡಿನ ಲೆಕ್ಕ ಯಾರೂ ಹೇಳಿಲ್ಲ.

ನಾಲ್ಕು ಜನಕ್ಕೆ 18ರ ಹಾಗೆ 72 ಡಾಲರ್. ಟೆಕ್ಸಾಸ್‌ನಲ್ಲಿ ಸೇಲ್ಸ್ ಟ್ಯಾಕ್ಸ್ ರಾಜ್ಯದ್ದು 6.25, ಊರಿನದು ಗರಿಷ್ಠ 2, ಒಟ್ಟು 8.25 ಪರ್ಸೆಂಟ್. ಅಂದ್ರೆ 5.94. ಟಿಪ್ಪನ್ನ ಟ್ಯಾಕ್ಸ್ ಸೇರಿಸದ ಮೊತ್ತದ ಮೇಲೆ ಲೆಕ್ಕ ಹಾಕಿ. ಬರೀ ನೀರು ತುಂಬಿ ತಟ್ಟೆ ಎತ್ತಿದರೆ 10 ಪರ್ಸೆಂಟ್ ಮರ್ಯಾದೆಯ ಟಿಪ್. ಬಿಸಿ ನಾನ್, ದೋಸೆ ಟೇಬಲ್ಲಿಗೆ ತಂದುಕೊಟ್ಟು, ಅಮ್ಮನ ಬೇಳೆಗೆ ಅಂತ ಒಳಗೆ ಹೊರಗೆ ಓಡಾಡಿದ್ರೆ 15. ಆಗ ಟಿಪ್ 10.80, ಎಲ್ಲಾ ಸೇರಿ 88.74. ‘ನಾವೇ ಬಡಿಸಿಕೊಂಡ್ವಲ್ಲ, ಟಿಪ್ ಯಾಕೆ’ ಅನ್ನೋರಿಗೆ: ಟೆಕ್ಸಾಸ್‌ನಲ್ಲಿ ಟಿಪ್ ಬರೋ ಕೆಲಸದವರಿಗೆ ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, ಮಿಕ್ಕಿದ್ದು ಟಿಪ್‌ನಿಂದ ತುಂಬೋ ಲೆಕ್ಕ, ಸಾಲದಿದ್ದರೆ ಮಾಲೀಕ ತುಂಬಬೇಕು. ಕಾರ್ಡ್ ಯಂತ್ರ 18, 20, 22 ಅಂತ ತೋರಿಸಿದ್ರೆ ಗಾಬರಿ ಬೇಡ, ಪಕ್ಕದಲ್ಲಿ ಬೇರೆ ಮೊತ್ತ ಹಾಕೋ ಗುಂಡಿ ಇರತ್ತೆ. ದೊಡ್ಡ ಗುಂಪಾದ್ರೆ ಬಿಲ್ಲಲ್ಲೇ ಟಿಪ್ ಸೇರಿಸಿರ್ತಾರೆ, ಎರಡು ಸಲ ಕೊಡಬೇಡಿ.

ಲಸ್ಸಿ, ಚಹಾ, ಸೋಡ ಬಫೆಯಲ್ಲಿ ಸೇರಿದೆಯಾ ಅಂತ ಕೂರುವಾಗಲೇ ಕೇಳಿ. ನಾಲ್ಕು ಲಸ್ಸಿಗೆ ಒಂದು ಊಟದ ದುಡ್ಡು ಹೋಗತ್ತೆ.

ಉಳಿದದ್ದು ಕಟ್ಟಿಸಿಕೊಳ್ಳೋ ಹಾಗಿಲ್ಲ, ಆ ಬೆಲೆ ಅಲ್ಲೇ ಕೂತು ತಿನ್ನೋದಕ್ಕೆ. ಬೇಕಾದ್ರೆ ಬಫೆ ಡಬ್ಬಿ ಅಂತ ಬೇರೆ ಬೆಲೆಗೆ ಅಥವಾ ತೂಕದ ಮೇಲೆ ಕೊಡೋ ಜಾಗಗಳಿವೆ. ತಗೊಂಡ್ರೆ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಹೊರಗೆ 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ ಒಂದೇ ಗಂಟೆ. ಟೆಕ್ಸಾಸ್ ಬೇಸಿಗೆಯಲ್ಲಿ ಡಬ್ಬಿಯನ್ನ ಕಾರಲ್ಲಿಟ್ಟು ಮಾಲ್ ಸುತ್ತೋಕೆ ಹೋಗಬೇಡಿ.

ತುಮಕೂರು_ಟು_ಟೆಕ್ಸಾಸ್

ಎಲ್ಲರಿಗೂ ಬಹಳ ಥ್ಯಾಂಕ್ಸ್. 11:45ಕ್ಕೆ ಹೋಗಿ ಅಮ್ಮನಿಗೆ ಮೊದಲು ಬಡಿಸಿ, ನಾವು 12:15ರ ಟ್ರೇಗಳಿಗೆ ಕಾಯ್ತೀವಿ. ಶುಕ್ರವಾರ ಫೋನ್ ಮಾಡಿ ಬೇಳೆ ಹೇಳ್ತೀನಿ. ಇನ್ನೊಂದೇ ಪ್ರಶ್ನೆ: ಬಫೆಯಲ್ಲೇ ದೋಸೆನೂ ಇದೆ, ಕೇಳಿದ್ರೆ ಮಾಡಿಕೊಡ್ತಾರೆ ಅಂತ ಬೋರ್ಡ್ ಹಾಕಿದ್ದಾರೆ. ಅದನ್ನ ಯಾವಾಗ ಕೇಳೋದು? ಅಮ್ಮ ತಿನ್ನಬಹುದಾ?

ಉತ್ತರ: ಮಡಿ_ಮೆನು

ಸಾದಾ ದೋಸೆ ಎಂದೇ ಹೇಳಿ. ಮಸಾಲೆ ದೋಸೆಯ ಪಲ್ಯದಲ್ಲಿ ಈರುಳ್ಳಿ ಇದ್ದೇ ಇರುತ್ತದೆ, ಕೆಂಪು ಚಟ್ನಿ ಸವರಿದರೆ ಬೆಳ್ಳುಳ್ಳಿಯೂ. ಹಿಟ್ಟಿನಲ್ಲಿ ಅಕ್ಕಿ, ಉದ್ದು, ಮೆಂತ್ಯದ ಹೊರತು ತಕರಾರಿನದು ಏನೂ ಇರುವುದಿಲ್ಲ. ಆದರೆ ಹೆಂಚು ನೋಡಿ: ಅದರ ಮೇಲೇ ಮೊಟ್ಟೆ ದೋಸೆ ಹಾಕುತ್ತಾರೆಯೇ, ಬಿಸಿ ನೋಡಲು ನೀರು ಚಿಮುಕಿಸಿ ಅರ್ಧ ಈರುಳ್ಳಿಯಿಂದ ಒರೆಸುತ್ತಾರೆಯೇ? ನಮ್ಮ ಕಡೆಯ ಅಡಿಗೆಯವರು ಅಭ್ಯಾಸಬಲದಿಂದ ಈರುಳ್ಳಿಯಲ್ಲೇ ಒರೆಸುತ್ತಾರೆ. ಬಟ್ಟೆಯಲ್ಲಿ ಒರೆಸಿ ಹಾಕಿಕೊಡಿ ಎಂದರೆ ಸಾಕು.

ಉತ್ತರ: ಧಾರವಾಡ_ತಾಟು

ಮೊದಲ ತಾಟು ಅರ್ಧಕ್ಕ ಬಂದಾಗ ಹೇಳ್ರಿ. ಗದ್ದಲಿದ್ದಾಗ ಬರಲಿಕ್ಕೆ ಹತ್ತು ಹದಿನೈದು ನಿಮಿಷ ಹಿಡೀತದ. ನಾಕು ಮಂದಿಗೆ ನಾಕು ಹೇಳಬ್ಯಾಡ್ರಿ, ಎರಡು ಹೇಳ್ರಿ, ಬೇಕಂದ್ರ ಮತ್ತ ಎರಡು. ಮತ್ತ ಚಟ್ನಿ ಮೊದಲ ತಂದು ಇಟಗೊಂಡು ಕುಂಡ್ರಿ. ದ್ವಾಸಿ ಬಂದ ಮ್ಯಾಲ ಚಟ್ನಿಗೆ ಎದ್ದು ಪಾಳಿ ಹಚ್ಚಿದ್ರ ತಿರುಗಿ ಬರೂತನಕ ಅದು ಮೆತ್ತಗಾಗಿ ಮಡಚಿ ಕುಂತಿರ್ತದ.